ಪದಚರ್ಚೆ: ‘ಹಾಳೆ’ ಅಂದರೆ ನಿಮ್ಮ ಊರಲ್ಲಿ ಯಾವ ಹಾಳೆ?

ಬಳಗದ ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಒಂದು ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿತ್ತು. ತೀರಾ ಸಣ್ಣ ಪದ, ಎಲ್ಲರೂ ದಿನವೂ ಬಳಸುವಂಥದ್ದು. ಹಾಳೆ.

ರಜೆ ಬಂದಾಗ ನಮ್ಮ ಮನೆಯ ಜಗಲಿಯಲ್ಲಿ ಊರಿನ ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಬಣ್ಣದ ಕೆಲಸ, ಕಾಗದದ ಕೆಲಸ ಮಾಡಿಸುತ್ತೇನೆ. ಹಬ್ಬದ ಕಾರ್ಡು, ಬಾಗಿಲಿಗೆ ತೋರಣ, ಆಕಾಶಬುಟ್ಟಿ, ಅಜ್ಜಿಗೆ ಕನ್ನಡಕ ಇಟ್ಟುಕೊಳ್ಳಲು ರಟ್ಟಿನ ಡಬ್ಬಿ, ಇಂಥವು. ಯಾರಿಗಾದರೂ ಏನಾದರೂ ಕೊಡಬೇಕು ಅಂದಾಗ ಅಂಗಡಿಗೆ ಓಡುವ ಬದಲು ತಾವೇ ಮಾಡಿ ಕೊಡಲಿ ಅನ್ನುವುದು ನನ್ನ ಆಸೆ. ಈ ಸಲ ಮೊದಲ ದಿನಕ್ಕೆ ಮುಂಚೆ ಎಲ್ಲರ ಮನೆಗೂ ಒಂದು ಚೀಟಿ ಕಳಿಸಿದ್ದೆ. ‘ಬರುವಾಗ ಕತ್ತರಿ, ಗೋಂದು, ನಾಲ್ಕು ಹಾಳೆ ತನ್ನಿ’ ಅಂತ ಬರೆದಿದ್ದೆ.

ಹನ್ನೊಂದು ಮಕ್ಕಳು ಡ್ರಾಯಿಂಗ್ ಹಾಳೆ ತಂದರು. ಒಬ್ಬ ಹುಡುಗ ನಾಲ್ಕು ಅಡಿಕೆ ಹಾಳೆ ತಂದ. ಚೆನ್ನಾಗಿ ತೊಳೆದು, ಒರೆಸಿ, ಬಾಳೆಪಟ್ಟೆಯಲ್ಲಿ ಕಟ್ಟಿ, ಹೆಗಲ ಮೇಲೆ ಹೊತ್ತು ತಂದಿದ್ದ. ಉಳಿದವರು ನಕ್ಕರು. ಅವನ ಕಣ್ಣಲ್ಲಿ ನೀರು ಬಂತು. ‘ಅಕ್ಕಾ, ನೀವೇ ಹಾಳೆ ಅಂತ ಬರ್ದಿದ್ರಲ್ಲ’ ಅಂದ.

ಅವನು ಹೇಳಿದ್ದು ಪೂರ್ತಿ ಸರಿ. ಅವರದು ತೋಟದ ಮನೆ. ಬೆಳಗ್ಗೆ ಎದ್ದು ತೋಟಕ್ಕೆ ಹೋದರೆ ಕಾಲಿಗೆ ಸಿಗುವುದು ಹಾಳೆ. ಸೋಗೆ, ಅಂದರೆ ಅಡಿಕೆಯ ಗರಿ, ಒಣಗಿ ಬೀಳುವಾಗ ಅದರ ಬುಡದಲ್ಲಿ ಅಂಟಿಕೊಂಡು ಬರುವ, ಮರದ ಕುತ್ತಿಗೆಯನ್ನು ತಬ್ಬಿಕೊಂಡಿದ್ದ ಆ ಅಗಲದ ಪಟ್ಟೆ. ಈಗ ಅದನ್ನು ಒತ್ತಿ ತಟ್ಟೆ ಮಾಡುತ್ತಾರೆ. ಮೊದಲು ತಲೆಗೆ ಟೊಪ್ಪಿ ಮಾಡುತ್ತಿದ್ದರು. ಮಕ್ಕಳು ಅದರ ಮೇಲೆ ಕೂತು ಎಳೆಸಿಕೊಳ್ಳುತ್ತಿದ್ದರು. ಅವನ ಮನೆಯಲ್ಲಿ ‘ನಾಲ್ಕು ಹಾಳೆ ತಗೊಂಡ್ ಬಾ’ ಅಂದರೆ ಬೇರೆ ಅರ್ಥವೇ ಇಲ್ಲ.

ಹಾಗಾದರೆ ಚೀಟಿಯಲ್ಲಿ ನಾನು ಏನಂತ ಬರೆಯಬೇಕಿತ್ತು? ಅಂದು ರಾತ್ರಿ ಕೂತು ಯೋಚಿಸಿದೆ. ಯೋಚಿಸಿದಷ್ಟೂ ಆಶ್ಚರ್ಯ ಜಾಸ್ತಿಯಾಯಿತು.

‘ಕಾಗದ’ ಅನ್ನಬಹುದಿತ್ತು. ಆದರೆ ನಮ್ಮ ಕಡೆ ವಯಸ್ಸಾದವರಿಗೆ ಕಾಗದ ಅಂದರೆ ಅಂಚೆಯಲ್ಲಿ ಬರುವ ಪತ್ರ. ‘ಅವಳ ಕಾಗದ ಬಂದು ಎಷ್ಟು ದಿನ ಆಯ್ತು’ ಅನ್ನುತ್ತಾರಲ್ಲ, ಆ ಕಾಗದ. ಇಲ್ಲವಾದರೆ ಜಮೀನಿನ ಕಾಗದಪತ್ರ. ‘ಕಾಗದ ತಗೊಂಡು ಹೋಗ್ಬೇಕಂತೆ’ ಅಂತ ಮಗು ಹೇಳಿದರೆ ಅಜ್ಜನಿಗೆ ಗಾಬರಿಯಾದೀತು. ‘ಪೇಪರ್’ ಅನ್ನಬಹುದಿತ್ತು. ಆದರೆ ಪೇಪರ್ ಅಂದರೆ ಬೆಳಗ್ಗೆ ಬಸ್ಸಿನಲ್ಲಿ ಬರುವ ಸುದ್ದಿ ಪತ್ರಿಕೆ. ‘ಪೇಪರ್ ತನ್ನಿ’ ಅಂದಿದ್ದರೆ ಹನ್ನೆರಡೂ ಮಕ್ಕಳು ಹಳೆ ಪತ್ರಿಕೆಯ ಕಟ್ಟು ತರುತ್ತಿದ್ದರು. ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಅದರ ಸುತ್ತಲಿನ ಬಡಾವಣೆಗೆ ಪೇಪರ್ ಟೌನ್ ಅಂತಲೇ ಹೆಸರು. ಒಂದು ಕಾಲಕ್ಕೆ ಅಷ್ಟು ಹತ್ತಿರ ಕಾಗದ ತಯಾರಾಗುತ್ತಿದ್ದರೂ, ಏನೂ ಬರೆಯದ, ಏನೂ ಅಚ್ಚಾಗದ ಬರಿಯ ಹಾಳೆಗೆ ನಮ್ಮಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಒಂದು ಹೆಸರಿಲ್ಲ. ಒಂದು ಪತ್ರವಾಯಿತು, ಒಂದು ಸುದ್ದಿಯಾಯಿತು, ಒಂದು ಅಡಿಕೆ ಮರಕ್ಕೆ ಹೋಯಿತು.

ಈಗ ಪದದ ಹುಟ್ಟಿನ ಮಾತು. ಕಾಗದ ನಮ್ಮದಲ್ಲ, ಪಾರಸಿಯ ಕಡೆಯಿಂದ ಬಂದದ್ದು. ಪೇಪರ್ ಇಂಗ್ಲಿಷಿನದು. ಹಾಳೆ ಮಾತ್ರ ಅಪ್ಪಟ ನಮ್ಮದು. ತಮಿಳಿನಲ್ಲಿ ಪಾಳೈ, ಮಲಯಾಳದಲ್ಲಿ ಪಾಳ, ತುಳುವಿನಲ್ಲಿ ಪಾಳೆ. ಎಲ್ಲ ಕಡೆಯೂ ಅದು ಅಡಿಕೆ, ತೆಂಗು, ತಾಳೆಯಂಥ ಮರದ್ದೇ. ಕನ್ನಡದಲ್ಲಿ ಪಾಲು ಹಾಲಾಯಿತು, ಪೂ ಹೂವಾಯಿತು, ಪಾವು ಹಾವಾಯಿತು. ಅದೇ ದಾರಿಯಲ್ಲಿ ಪಾಳೆ ಹಾಳೆಯಾಯಿತು. ಹಳೆಯ ಪಕಾರದ ಗುರುತು ಇನ್ನೂ ಒಂದು ಕಡೆ ಉಳಿದಿದೆ. ಹೊಂಬಾಳೆ. ಹೊನ್ನಿನ ಬಣ್ಣದ ಪಾಳೆ. ‘ಹಾವು’ ಅನ್ನುವ ನಾವೇ ‘ಹೆಬ್ಬಾವು’ ಅನ್ನುತ್ತೇವಲ್ಲ, ಹಾಗೆಯೇ ಇದು. ಹೊಂಬಾಳೆ ಅನ್ನುವಾಗಲೆಲ್ಲ ಹಳೆಗನ್ನಡದ ಒಂದು ಚೂರು ಬಾಯಲ್ಲಿ ಬರುತ್ತದೆ ಅಂತ ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಹಾಗಾಗಿ ಮರದ ಹಾಳೆಯೇ ಮೊದಲನೆಯದು, ಬರೆಯುವ ಹಾಳೆ ಆಮೇಲಿನದು ಅನ್ನುವುದು ನನ್ನ ತರ್ಕ. ಅಗಲ, ತೆಳು, ಮಡಿಸಿದರೆ ಮಡಿಯುತ್ತದೆ, ಕೊಯ್ದರೆ ಕೊಯ್ಯಬಹುದು. ಕಾಗದ ಬಂದಾಗ ನಮ್ಮವರಿಗೆ ಅದು ಹಾಳೆಯ ಹಾಗೆ ಕಂಡಿರಬೇಕು. ಬರೆಯುವ ವಸ್ತುವಿಗೆ ಗಿಡಮರದ ಹೆಸರು ಇಡುವುದು ನಮಗೆ ಹೊಸದೂ ಅಲ್ಲ. ತಾಳೆಗರಿಯ ಪುಸ್ತಕದ ಒಂದೊಂದು ಎಲೆಯೂ ಗರಿ. ಓಲೆ ಮೊದಲು ಮರದ ಎಲೆ, ಆಮೇಲೆ ಪತ್ರ.

ಆದರೆ ಇಲ್ಲಿ ನನ್ನ ತರ್ಕಕ್ಕೆ ಒಂದು ತೊಡಕಿದೆ. ಧಾರವಾಡ, ವಿಜಯಪುರದ ಕಡೆ ಕಾಗದಕ್ಕೆ ‘ಹಾಳಿ’ ಅನ್ನುತ್ತಾರೆ. ಮನೆ ಮನಿಯಾದ ಹಾಗೆ ಹಾಳೆ ಹಾಳಿಯಾಗಿದೆ, ಅದು ಸರಿ. ಆದರೆ ಆ ಬಯಲಿನಲ್ಲಿ ಅಡಿಕೆ ತೋಟ ಎಲ್ಲಿದೆ? ತೋಟವೇ ಇಲ್ಲದ ಕಡೆ ಈ ಪದ ಕಾಗದಕ್ಕೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ. ತೋಟದ ನಡುವೆಯೇ ಇರುವ ನಮ್ಮಲ್ಲಿ ಇನ್ನೂ ಎರಡೂ ಅರ್ಥ ಜಗಳವಾಡುತ್ತಿವೆ. ಇದು ಹೇಗೆ ಅಂತ ಆ ಕಡೆಯವರು ಹೇಳಬೇಕು. ಅಲ್ಲಿ ‘ಹಾಳಿ’ ಅಂದಾಗ ಹಿರಿಯರಿಗೆ ಬೇರೆ ಏನಾದರೂ ನೆನಪಾಗುತ್ತದೆಯಾ?

ಆ ಹುಡುಗನ ಹಾಳೆಯನ್ನು ನಾನು ಮನೆಗೆ ವಾಪಸ್ ಕಳಿಸಲಿಲ್ಲ. ಅವತ್ತೇ ಅದರ ಮೇಲೆ ಬಣ್ಣದ ಕೆಲಸ ಮಾಡಿಸಿದೆ. ಹಾಳೆಯ ಒಳಮೈ ನುಣುಪು, ಹೊರಮೈಯಲ್ಲಿ ಗೆರೆಗೆರೆ. ಒಳಮೈ ಮೇಲೆ ಬಣ್ಣ ಚೆನ್ನಾಗಿ ಕೂರುತ್ತದೆ. ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ಭಾರ ಹೇರಿ ಒಣಗಿಸಬೇಕು. ಇಲ್ಲದಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ. ಬರಿಯ ಪೋಸ್ಟರ್ ಬಣ್ಣ ಹಾಳೆ ಬಾಗಿದಾಗ ಸಿಪ್ಪೆಯಂತೆ ಏಳುತ್ತದೆ. ಅದಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿದೆವು, ಆಗ ನಿಂತಿತು. ಮೊದಲು ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆ ಎಳೆದೆವು. ನೋಡಲು, ಭೂಮಿ ಹುಣ್ಣಿಮೆ ಹಬ್ಬದಲ್ಲಿ ಚಿತ್ತಾರ ಬರೆದು ಗದ್ದೆಗೆ ಒಯ್ಯುವ ಬುಟ್ಟಿಯ ಹಾಗೇ ಕಾಣಿಸಿತು. ನಕ್ಕಿದ್ದ ಮಕ್ಕಳೆಲ್ಲ ಮರುದಿನ ಒಂದೊಂದು ಅಡಿಕೆ ಹಾಳೆ ಹಿಡಿದುಕೊಂಡು ಬಂದರು!

ಗೆರೆಗೆ ಎಳೆ ಅಂದೆನಲ್ಲ, ಅದೂ ಒಳ್ಳೆಯ ಪದ. ನಮ್ಮ ಸಾಗರ, ಸೊರಬದ ಕಡೆ ದೀವರು ಅನ್ನುವ ಸಮುದಾಯದವರ ಮನೆಗಳಲ್ಲಿ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಬರೆಯುವವಳಿಗೆ ಚಿತ್ತಾರಗಿತ್ತಿ ಅನ್ನುತ್ತಾರೆ. ಎಷ್ಟು ಚೆಂದದ ಹೆಸರು ಅಲ್ವಾ? ಈಗ ಅದೇ ಚಿತ್ತಾರವನ್ನು ಕಾಗದದ ಮೇಲೆ, ಹಬ್ಬದ ಕಾರ್ಡಿನ ಮೇಲೆ ಬರೆದು ಕೊಡುವವರೂ ಇದ್ದಾರೆ. ಗೋಡೆಯಿಂದ ಕಾಗದಕ್ಕೆ ಬಂದರೂ ಮಾತು ಬದಲಾಗಿಲ್ಲ. ಆಗಲೂ ‘ಬರೆಯುವುದು’, ಈಗಲೂ ‘ಬರೆಯುವುದು’. ಶಾಲೆಗೆ ಹೋದ ನಾವು ಮಾತ್ರ ಚಿತ್ರ ‘ಬಿಡಿಸು’ತ್ತೇವೆ. ಗಂಟು ಬಿಡಿಸು, ಲೆಕ್ಕ ಬಿಡಿಸು, ಹಲಸಿನ ತೊಳೆ ಬಿಡಿಸು, ಚಿತ್ರ ಬಿಡಿಸು. ಒಳಗೆ ಮೊದಲೇ ಇದ್ದದ್ದನ್ನು ಹೊರಗೆ ತೆಗೆಯುವ ಕೆಲಸ ಅನ್ನುವ ಹಾಗೆ. ನನಗೆ ಎರಡೂ ಇಷ್ಟ. ಏನು ಹೇಗೆ ಮಾಡಬೇಕು ಅಂತ ಮಕ್ಕಳಿಗೆ ಬರೆದುಕೊಡುವ ಚೀಟಿಯಲ್ಲಿ ‘ಬರೆಯಿರಿ’ ಅಂದರೆ ಅಕ್ಷರ ಬರೆಯುತ್ತಾರೆ. ಹಾಗಾಗಿ ಅಲ್ಲಿ ‘ಬಿಡಿಸಿ’ ಅಂತಲೇ ಇಟ್ಟೆ.

ಬಣ್ಣದ ಜೊತೆಗೆ ಬರುವ ಕ್ರಿಯಾಪದಗಳಲ್ಲಿ ಇನ್ನೂ ಜಾಸ್ತಿ ಸೊಗಸಿದೆ. ಗೋಡೆಗೆ ಬಣ್ಣ ಹೊಡೆಯುತ್ತೇವೆ. ನೆಲಕ್ಕೆ, ಜಗಲಿಗೆ ಬಳಿಯುತ್ತೇವೆ. ಚಿತ್ರಕ್ಕೆ ತುಂಬುತ್ತೇವೆ. ಕೈಗೆ, ಉಗುರಿಗೆ ಹಚ್ಚುತ್ತೇವೆ. ನೂಲಿಗೆ ಹಾಕುತ್ತೇವೆ. ‘ಪೇಂಟ್ ಮಾಡು’ ಅನ್ನುವ ಒಂದೇ ಮಾತು ಇವೆಲ್ಲವನ್ನೂ ನುಂಗುತ್ತಿದೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಯಾವ ಕಡೆ ಎಷ್ಟು ಬಣ್ಣ, ಎಷ್ಟು ಜೋರಾಗಿ ಅನ್ನುವುದನ್ನೆಲ್ಲ ಆ ಒಂದೊಂದು ಪದ ಹೇಳುತ್ತಿತ್ತು. ‘ಹಚ್ಚು’ ಅನ್ನುವುದಕ್ಕೆ ಮಾತ್ರ ಸ್ವಲ್ಪ ಎಚ್ಚರ ಬೇಕು. ದೀಪ ಹಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ, ಕೆಲವರ ಮನೆಯಲ್ಲಿ ತರಕಾರಿಯನ್ನೂ ಹಚ್ಚುತ್ತಾರೆ. ‘ಹೂವನ್ನು ರಟ್ಟಿಗೆ ಹಚ್ಚಿ’ ಅಂತ ಬರೆದರೆ ಒಬ್ಬರು ಅಂಟಿಸುತ್ತಾರೆ, ಇನ್ನೊಬ್ಬರು ಕತ್ತರಿ ಹುಡುಕುತ್ತಾರೆ. ಅಲ್ಲಿ ‘ಅಂಟಿಸಿ’ ಸಾಕು.

ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣಕ್ಕೆ ಅದ್ದಿ ಕಾಗದದ ಮೇಲೆ ಒತ್ತಿದರೆ ಹೂವು ಮೂಡುತ್ತದೆ. ಮಕ್ಕಳಿಗೆ ಇದು ಪಂಚಪ್ರಾಣ. ಇದಕ್ಕೆ ಪ್ರಿಂಟ್, ಸ್ಟ್ಯಾಂಪ್ ಅನ್ನುವುದೇ ಬೇಡ, ‘ಅಚ್ಚು’ ಇದೆ. ದೀಪಾವಳಿಗೆ, ಅಂದರೆ ನಮ್ಮ ದೊಡ್ಡ ಹಬ್ಬಕ್ಕೆ, ಲೋಟದ ಬಾಯನ್ನು ಕೆಮ್ಮಣ್ಣು, ಜೇಡಿಗೆ ಅದ್ದಿ ದನಗಳ ಮೈಮೇಲೆ ದುಂಡಗೆ ಒತ್ತುತ್ತೇವಲ್ಲ, ಅದೇ ಕೆಲಸ ಇದು ಅಂದೆ. ತಕ್ಷಣ ಎಲ್ಲರಿಗೂ ಅರ್ಥವಾಯಿತು.

ಇನ್ನು ಹೊಳೆಯುವ ತೆಳು ಕಾಗದಕ್ಕೆ ನಮ್ಮಜ್ಜಿ ‘ಬೇಗಡೆ’ ಅನ್ನುತ್ತಿದ್ದರು. ಗಣಪತಿಯ ಮಂಟಪಕ್ಕೆ ಅಂಟಿಸುವುದು ಬೇಗಡೆ, ಚಾಕೊಲೇಟಿನ ಒಳಗಿನ ಬೆಳ್ಳಿ ಕಾಗದವೂ ಬೇಗಡೆ. ಈಗ ಮಕ್ಕಳು ‘ಶೈನಿಂಗ್ ಪೇಪರ್’ ಅನ್ನುತ್ತಾರೆ. ಬೇಗಡೆಯನ್ನು ನಾನು ಚೀಟಿಗೆ ಸೇರಿಸಿದ್ದೇನೆ. ಒಂದೇ ಸಲ ತೋರಿಸಿದರೆ ಸಾಕು, ಮಕ್ಕಳು ಮರೆಯುವುದಿಲ್ಲ. ದಾರಕ್ಕೆ ಸಾಲಾಗಿ ಅಂಟಿಸುವ ಬಣ್ಣದ ಕಾಗದದ ಚೂರುಗಳಿಗೆ ಧಾರವಾಡ ಕಡೆಯ ಗೆಳತಿ ‘ಪರಪರಿ’ ಅಂದರು. ಗಾಳಿಗೆ ಅದು ಪರಪರ ಅನ್ನುವುದು ಕೇಳಿಸಿದ ಹಾಗಾಯಿತು. ನಮ್ಮಲ್ಲಿ ಎಲ್ಲದಕ್ಕೂ ತೋರಣವೇ, ಮಾವಿನ ಎಲೆಯದಾದರೂ ಕಾಗದದ್ದಾದರೂ.

ಕೊಡುವ ವಸ್ತುವಿನ ಹೆಸರಿಗೆ ಬರುತ್ತೇನೆ. ‘ಕರಕುಶಲ ಉಡುಗೊರೆ’ ಅಂತ ಕೆಲವರು ಸೂಚಿಸಿದರು. ನನಗೆ ಒಪ್ಪಿಗೆಯಿಲ್ಲ. ‘ಕರಕುಶಲ’ ಅನ್ನುವುದು ವಸ್ತುಪ್ರದರ್ಶನದ ಬೋರ್ಡಿನ ಮಾತು. ಎಂಟು ವರ್ಷದ ಹುಡುಗಿ ಅಜ್ಜಿಗೆ ಮಾಡಿದ ಡಬ್ಬಿಗೆ ಅದು ಭಾರ. ‘ಉಡುಗೊರೆ’ಯ ಒಳಗೆ ‘ಉಡು’ ಇದೆ, ಉಡಲು ಕೊಡುವ ಬಟ್ಟೆಯ ನೆನಪು. ‘ಕಾಣಿಕೆ’ ಹಿರಿಯರನ್ನೋ ದೇವರನ್ನೋ ಕಾಣಲು ಹೋದಾಗ ಒಪ್ಪಿಸುವುದು. ‘ಮುಯ್ಯಿ’ ಕೊಟ್ಟರೆ ತಿರುಗಿ ಬರಬೇಕು. ಮದುವೆ ಮನೆಯ ಮುಯ್ಯಿಯೂ ಹಾಗೆ, ಗದ್ದೆ ಕೆಲಸದ ಮುಯ್ಯಾಳೂ ಹಾಗೆ. ಅಜ್ಜಿಯ ಡಬ್ಬಿಗೆ ತಿರುಗಿ ಬರುವ ಲೆಕ್ಕವಿಲ್ಲ. ಸದ್ಯಕ್ಕೆ ‘ಕೈಯಾರೆ ಮಾಡಿದ ಉಡುಗೊರೆ’ ಅಂತ ಬರೆದುಕೊಂಡಿದ್ದೇನೆ. ಎರಡು ಪದ ಜಾಸ್ತಿ ಆದರೂ ‘ಕೈಯಾರೆ’ ಅನ್ನುವುದರಲ್ಲಿ ಒಂದು ಬಿಸಿ ಇದೆ. ಕಣ್ಣಾರೆ, ಬಾಯಾರೆ, ಮನಸಾರೆಯ ಸಾಲಿನ ಪದ ಅದು.

ಮುಂದಿನ ವಾರ ಚೀಟಿಗಳನ್ನೆಲ್ಲ ಸೇರಿಸಿ ಒಂದು ಸಣ್ಣ ಕಟ್ಟು ಮಾಡಿ ಮಕ್ಕಳ ಕೈಗೆ ಕೊಡುತ್ತೇನೆ. ಅದಕ್ಕೆ ಮುಂಚೆ ನಿಮ್ಮಿಂದ ಮೂರು ವಿಷಯ ತಿಳಿಯಬೇಕು. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿಯ ತೋಟದ ಮನೆಯವರು ಅಡಿಕೆಯ ಹಾಳೆಗೂ ಬರೆಯುವ ಹಾಳೆಗೂ ಮಾತಿನಲ್ಲಿ ಹೇಗೆ ವ್ಯತ್ಯಾಸ ಮಾಡುತ್ತೀರಿ? ಬಯಲುಸೀಮೆಯವರಲ್ಲಿ ಹಾಳಿ, ಹಾಳೆಗೆ ಮರದ ಅರ್ಥ ಎಲ್ಲಾದರೂ ಉಳಿದಿದೆಯಾ? ಬೇಗಡೆ ಅನ್ನುವ ಪದ ನಿಮ್ಮ ಮನೆಯಲ್ಲಿ ಈಗಲೂ ಬಳಕೆಯಲ್ಲಿದೆಯಾ? ಪುಸ್ತಕದಲ್ಲಿ ಕಂಡದ್ದಕ್ಕಿಂತ ಮನೆಯಲ್ಲಿ ಕೇಳಿದ್ದನ್ನು ಬರೆದರೆ ನನಗೆ ಹೆಚ್ಚು ಉಪಯೋಗ. ಯಾರ ಬಾಯಲ್ಲಿ, ಯಾವ ಊರಲ್ಲಿ ಅನ್ನುವುದನ್ನೂ ಸೇರಿಸಿ.

ಚೀಟಿಯ ಮೊದಲ ಸಾಲನ್ನು ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: ‘ಬರುವಾಗ ಕತ್ತರಿ, ಗೋಂದು, ನಾಲ್ಕು ಬಿಳಿ ಹಾಳೆ, ಸಿಕ್ಕಿದರೆ ಒಂದು ಅಡಿಕೆ ಹಾಳೆ ತನ್ನಿ.’