ಹಳೇ ಸಿವಿಕ್‌ಗೆ ಹೊಸ ಗೇರ್ ನಾಬ್: ನಮ್ಮ ಘಾಟಿಗೆ, ನಮ್ಮ ಮಳೆಗೆ ಯಾವುದು ಸರಿ?

ಪೊನ್ನಂಪೇಟೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ 2008ರ ಹೋಂಡಾ ಸಿವಿಕ್ ತೆಗೆದುಕೊಂಡೆ. 1.8 ಪೆಟ್ರೋಲ್, ಐದು ಗೇರಿನ ಮ್ಯಾನುಯಲ್. ನನಗೆ ಅದೇ ಸ್ಪೋರ್ಟ್ಸ್ ಕಾರು. ಕಂಪನಿಯಿಂದ ಬಂದ ಗೇರ್ ನಾಬ್‌ನ (ಲಿವರ್ ತುದಿಯ ಹಿಡಿ) ಲೆದರ್ ಸಿಪ್ಪೆ ಏಳುತ್ತಿದೆ, ಕೈ ಬೆವರಿದರೆ ಕಪ್ಪು ಚೂರು ಅಂಗೈಗೆ ಅಂಟುತ್ತದೆ. ವಾರಕ್ಕೊಮ್ಮೆ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಿ ಬರುತ್ತೇನೆ. ಮೆಟಲ್ ನಾಬ್ ನೋಡಲು ಚೆನ್ನಾಗಿದೆ, ಆದರೆ ಭಾರ ಜಾಸ್ತಿ ಆದರೆ ಗೇರ್‌ಬಾಕ್ಸ್‌ಗೆ ತೊಂದರೆ ಅಂತ ಒಬ್ಬರು ಹೆದರಿಸಿದರು. ಯಾವುದು ಹಾಕಲಿ? ನಾನೇ ಬಿಚ್ಚಬಹುದಾ? ಹಾಕಿಸಿದವರು ದಯವಿಟ್ಟು ಹೇಳಿ.

ಮಡಿಕೇರಿಯಿಂದ

ತಮ್ಮಾ, ನನ್ನದೂ ಅದೇ ಸಿವಿಕ್. ಇಲ್ಲಿಯವರೆಗೆ ಮೂರು ನಾಬ್ ಬದಲಾಯಿಸಿದ್ದೇನೆ, ಅದರಲ್ಲಿ ಎರಡು ತಪ್ಪು ಆಯ್ಕೆ. ಅದನ್ನೇ ಮೊದಲು ಹೇಳುತ್ತೇನೆ.

ಮೊದಲನೇ ತಪ್ಪು ಥ್ರೆಡ್‌ದು. ಹೋಂಡಾದ ಗೇರ್ ಲಿವರ್ ತುದಿಯಲ್ಲಿ 10 ಮಿ.ಮೀ. ಥ್ರೆಡ್ ಇರುತ್ತದೆ, ಪಿಚ್ (ಒಂದು ಎಳೆಯಿಂದ ಮುಂದಿನ ಎಳೆಗೆ ಇರುವ ದೂರ) 1.5 ಮಿ.ಮೀ. ಮಜ್ದಾ ಎಂಎಕ್ಸ್-5ನಲ್ಲಿ ಅದೇ 10 ಮಿ.ಮೀ., ಆದರೆ ಪಿಚ್ 1.25. ಟೊಯೋಟಾ 86ರದ್ದು 12 ಮಿ.ಮೀ., ಪಿಚ್ 1.25. ನಾನು ಆನ್‌ಲೈನ್‌ನಲ್ಲಿ ಬರೀ "10 ಮಿ.ಮೀ." ನೋಡಿ ತರಿಸಿದೆ. ಒಂದು ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಹಿಡಿದುಕೊಂಡಿತು. ಪುಣ್ಯಕ್ಕೆ ಅಲ್ಲಿಗೇ ನಿಲ್ಲಿಸಿದೆ. ಬಲ ಹಾಕಿದ್ದರೆ ಲಿವರ್‌ನ ಥ್ರೆಡ್ಡೇ ಹಾಳಾಗುತ್ತಿತ್ತು. ಎಲ್ಲಾ ಕಾರಿಗೂ ಆಗುತ್ತದೆ ಅಂತ ಪಕ್ಕದಲ್ಲಿ ಮೂರು ಸಣ್ಣ ಅಲೆನ್ ಸ್ಕ್ರೂ ಇರುವ ನಾಬ್ ಮಾರುತ್ತಾರೆ. ಅದು ಬೇಡ. ನಮ್ಮ ರಸ್ತೆಯ ಕುಲುಕಿಗೆ ಸ್ಕ್ರೂ ಸಡಿಲ ಆಗಿ ನಾಬ್ ಅಲ್ಲಾಡುತ್ತದೆ.

ಎರಡನೇ ತಪ್ಪು ತೂಕ. ಅರ್ಧ ಕೆಜಿ ಹತ್ತಿರದ ಸ್ಟೀಲ್ ಗುಂಡು ಹಾಕಿಸಿದೆ. ಮೊದಲ ದಿನ ಸ್ವರ್ಗ. ಎರಡರಿಂದ ಮೂರಕ್ಕೆ ಸುಮ್ನೆ ಬೆರಳು ತಾಗಿಸಿದರೆ ಸಾಕು, ತನ್ನ ಭಾರಕ್ಕೆ ತಾನೇ ಹೋಗಿ ಕೂರುತ್ತದೆ. ಭಾರದ ಲಾಭ ನಿಜವೇ. 2020ರಲ್ಲಿ ಹೋಂಡಾದವರೇ ಸಿವಿಕ್‌ನ ಸ್ಪೋರ್ಟ್ಸ್ ಮಾದರಿ ಟೈಪ್ ಆರ್‌ನ ನಾಬ್ ಬದಲಾಯಿಸಿದಾಗ ಅದರ ಒಳಗೆ 90 ಗ್ರಾಂ ತೂಕ ಸೇರಿಸಿದರು. ಆದರೆ ಅವರು ಹಾಕಿದ್ದು 90 ಗ್ರಾಂ. ನಾನು ಹಾಕಿದ್ದು ಅರ್ಧ ಕೆಜಿ. ಮಳೆಗಾಲದಲ್ಲಿ ಭಾಗಮಂಡಲ ಕಡೆ ಗುಂಡಿ ರಸ್ತೆಯಲ್ಲಿ ಲಿವರ್ ಇಡೀ ನಡುಗುತ್ತಿತ್ತು, ಕೆಳಗಿಂದ ಜರ್ ಅಂತ ಶಬ್ದ. ಗ್ಯಾರೇಜಿನವರು ನೋಡಿ ಗೇರ್ ಕೇಬಲ್ ತುದಿಯ ಬುಷ್ (ಕೀಲಿನಲ್ಲಿ ಕೂರುವ ಸಣ್ಣ ಬಳೆ) ಸವೆದಿದೆ ಅಂದರು. ಹಳೇ ಕಾರು, ಬುಷ್ ಮೊದಲೇ ಸವೆದಿತ್ತು. ಭಾರ ಅದನ್ನು ಎತ್ತಿ ತೋರಿಸಿತು ಅಷ್ಟೇ. ನಿನ್ನ ಕಾರಿನ ವಯಸ್ಸಿಗೆ ನಾಬ್ ತರಿಸುವ ಮೊದಲು ಆ ಬುಷ್ ನೋಡಿಸು. ಲಿವರ್ ಗೇರಿನಲ್ಲಿದ್ದಾಗ ಆಚೀಚೆ ತುಂಬಾ ಆಡಿದರೆ ಅನುಮಾನ ಪಡಬೇಕು.

ಈಗ ಇರುವುದು 240 ಗ್ರಾಂ. ಏಲಕ್ಕಿ ತೂಗುವ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿದ್ದೇನೆ. ಗೇರ್ ನಯವಾಗಿ ಬೀಳುತ್ತದೆ, ನಡುಕ ಇಲ್ಲ.

ಎತ್ತರದ ವಿಷಯ ಯಾರೂ ಹೇಳುವುದಿಲ್ಲ. ಗಿಡ್ಡ ನಾಬ್ ಹಾಕಿದರೆ ಕೈ ಹೋಗುವ ದೂರ ಕಡಿಮೆ, ಆದರೆ ತಳ್ಳುವ ಬಲ ಜಾಸ್ತಿ ಬೇಕು. ಊರೊಳಗೆ ಗೊತ್ತಾಗಲ್ಲ. ಸಂಪಾಜೆ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿ ಎರಡು, ಮೂರು, ಮತ್ತೆ ಎರಡು ಅಂತ ಹಾಕುತ್ತಾ ಹೋದಾಗ ಮಣಿಕಟ್ಟಿಗೆ ಗೊತ್ತಾಗುತ್ತದೆ. ಹಳೇ ನಾಬ್‌ನ ಎತ್ತರವೇ ಇರಲಿ.

ಇನ್ನು ಮೆಟಲ್. ಏಪ್ರಿಲ್‌ನಲ್ಲಿ ಕುಶಾಲನಗರದ ಬಿಸಿಲಲ್ಲಿ ಎರಡು ಗಂಟೆ ಕಾರು ನಿಲ್ಲಿಸಿ ಬಂದರೆ ಮುಟ್ಟಲು ಆಗಲ್ಲ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆರಕ್ಕೆ ಮಡಿಕೇರಿಯಲ್ಲಿ ಹೊರಟರೆ ಮಂಜುಗಡ್ಡೆ ಹಿಡಿದ ಹಾಗೆ. ಲೆದರ್‌ಗೆ ನಮ್ಮ ಮಳೆಯೇ ಶತ್ರು. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಕಾರು ಒಂದು ವಾರ ಶೆಡ್‌ನಲ್ಲೇ ನಿಂತರೆ ನಾಬ್ ಮೇಲೆ, ಸ್ಟೇರಿಂಗ್ ಮೇಲೆ ಬಿಳೀ ಬೂಷ್ಟು. ಒರೆಸಿದರೆ ಹೋಗುತ್ತದೆ, ವಾಸನೆ ಮಾತ್ರ ಹೋಗಲ್ಲ. ನಾನು ಕೊನೆಗೆ ಡೆಲ್ರಿನ್ ನಾಬ್‌ಗೆ ಬಂದೆ. ಗಟ್ಟಿ ಪ್ಲಾಸ್ಟಿಕ್, ಒಳಗೆ ಮೆಟಲ್ ಬುಷ್. ಕೈಗೆ ಬಿಸಿಯೂ ಇಲ್ಲ, ತಣ್ಣಗೂ ಇಲ್ಲ.

ಬಿಚ್ಚುವುದು ಸುಲಭ. ಹ್ಯಾಂಡ್‌ಬ್ರೇಕ್ ಹಾಕು. ಬೂಟ್ ಕವರ್ (ಲಿವರ್ ಬುಡ ಮುಚ್ಚುವ ಮೆತ್ತನೆ ಹೊದಿಕೆ) ಮೇಲ್ತುದಿ ನಾಬ್‌ಗೆ ಸಿಕ್ಕಿಕೊಂಡಿದ್ದರೆ ಕೆಳಗೆ ಜಾರಿಸು. ಒಂದು ಕೈಯಲ್ಲಿ ಲಿವರ್ ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ನಾಬ್ ಎಡಕ್ಕೆ ತಿರುಗಿಸು. ಲಿವರ್ ತಿರುಚಿಕೊಳ್ಳಬಾರದು. ಬರದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಐದು ನಿಮಿಷ ಸುತ್ತಿಡು. ಸುತ್ತಿಗೆ ಮುಟ್ಟಲೇಬೇಡ. ಹೊಸದು ಸ್ವಲ್ಪ ಆಡಿದರೆ ಥ್ರೆಡ್‌ಗೆ ಎರಡು ಸುತ್ತು ಟೆಫ್ಲಾನ್ ಟೇಪ್ ಸಾಕು. ಥ್ರೆಡ್ ಹಿಡಿದಿಡುವ ಅಂಟು, ಕೆಂಪು ಲಾಕ್‌ಟೈಟ್ ಹಚ್ಚಿದರೆ ಮತ್ತೆ ಬಿಚ್ಚುವಾಗ ಅಳಬೇಕಾಗುತ್ತದೆ.

ಕುಶಾಲನಗರದಿಂದ

ಅಣ್ಣ ಹೇಳಿದ್ದು ಹೋಂಡಾಕ್ಕೆ ಸರಿ. ಇದನ್ನು ಓದಿ ಬೇರೆ ಕಾರಿನವರು ನಾಬ್ ತಿರುಗಿಸಲು ಹೋಗಬೇಡಿ ಅಂತ ಬರೆಯುತ್ತಿದ್ದೇನೆ. ನನ್ನದು ಫೋಕ್ಸ್‌ವ್ಯಾಗನ್ ವರ್ಟಸ್, 1.5 ಮ್ಯಾನುಯಲ್. ಇದರಲ್ಲಿ ಥ್ರೆಡ್ ಇಲ್ಲ. ನಾಬ್, ಬೂಟ್ ಎರಡೂ ಒಂದೇ ಸೆಟ್. ಬೂಟ್‌ನ ಚೌಕಟ್ಟನ್ನು ಕನ್ಸೋಲ್‌ನಿಂದ ಎಬ್ಬಿಸಿ, ಬೂಟ್ ಒಳಹೊರಗೆ ಮಾಡಿದರೆ ಕೆಳಗೆ ಒಂದು ಕ್ಲ್ಯಾಂಪ್ ಕಾಣುತ್ತದೆ. ಅದನ್ನು ಕತ್ತರಿಸಿ ನಾಬ್ ನೇರ ಮೇಲಕ್ಕೆ ಎಳೆಯಬೇಕು. ಹಳೇ ಕ್ಲ್ಯಾಂಪ್ ಮತ್ತೆ ಬಳಸಲು ಬರಲ್ಲ, ಹೊಸದು ಮೊದಲೇ ತಂದಿಟ್ಟುಕೊಳ್ಳಿ. ಎಳೆಯುವಾಗ ಮುಖ ಪಕ್ಕಕ್ಕೆ ಇರಲಿ. ಒಮ್ಮೆಲೇ ಬಿಟ್ಟುಕೊಂಡು ನನ್ನ ತುಟಿ ಒಡೆದಿತ್ತು.

ರಿವರ್ಸ್‌ಗೆ ಲಿವರ್‌ನ ರಿಂಗ್ ಮೇಲೆತ್ತುವ ಕಾರಾದರೆ ಇನ್ನೂ ಹುಷಾರು. ಹೊಸ ನಾಬ್‌ನ ಕೆಳಗೆ ಆ ರಿಂಗ್ ಎತ್ತಲು ಜಾಗ ಉಳಿಯದಿದ್ದರೆ ರಿವರ್ಸೇ ಬೀಳಲ್ಲ. ಅಂಥ ಕಾರಿಗೆ ಅಡಾಪ್ಟರ್ ಸಿಗುತ್ತದೆ, ಕೇಳಿ ತರಿಸಿ.

ಸೋಮವಾರಪೇಟೆಯಿಂದ

ಮರದ್ದು ಯಾರೂ ಹೇಳಲಿಲ್ಲವಲ್ಲ. ನಮ್ಮ ತೋಟದಲ್ಲಿ ಹಳೇ ರೋಬಸ್ಟಾ ಕಿತ್ತು ಹೊಸ ಗಿಡ ಹಾಕಿದಾಗ ಒಂದು ದಪ್ಪ ಬೊಡ್ಡೆ ಎತ್ತಿಟ್ಟಿದ್ದೆ. ಮೂರು ವರ್ಷ ಅಟ್ಟದಲ್ಲಿ ಒಣಗಿತು. ಕಾಫಿ ಮರ ತುಂಬಾ ಬಿಗಿ, ನುಣುಪಾಗಿ ಬರುತ್ತದೆ. ಬಡಗಿಯೊಬ್ಬರು ಲೇತ್‌ನಲ್ಲಿ ಕಡೆದು ಪೇರಳೆ ಹಣ್ಣಿನ ಆಕಾರಕ್ಕೆ ತಂದುಕೊಟ್ಟರು. ಜೇನುಬಣ್ಣ, ನಡುವೆ ಕಂದು ಗೆರೆ. ನನ್ನ ಕಾರಿನಲ್ಲಿ ಅದಕ್ಕಿಂತ ಪ್ರೀತಿಯ ವಸ್ತು ಇನ್ನೊಂದಿಲ್ಲ.

ಆದರೆ ಮೊದಲ ಸಲ ಥ್ರೆಡ್ ನೇರ ಮರದಲ್ಲೇ ಕೊರೆಸಿದ್ದೆವು. ಬೇಸಿಗೆ ಇಡೀ ಏನೂ ಆಗಲಿಲ್ಲ. ಜುಲೈನಲ್ಲಿ ಸುಳ್ಯದಿಂದ ಘಾಟಿ ಹತ್ತುತ್ತಿದ್ದಾಗ, ತಿರುವಿನಲ್ಲಿ ಮೂರರಿಂದ ಎರಡಕ್ಕೆ ಎಳೆದೆ. ನಾಬ್ ಕೈಗೇ ಬಂತು. ಎದುರಿಗೆ ಬಸ್ಸು. ಬರೀ ಕಬ್ಬಿಣದ ಕಡ್ಡಿಯನ್ನೇ ಅಂಗೈಯಿಂದ ಒತ್ತಿ ಎರಡನೇ ಗೇರ್ ಹಾಕಿ, ಪಕ್ಕದಲ್ಲಿ ಜಾಗ ಸಿಕ್ಕ ಕೂಡಲೇ ನಿಲ್ಲಿಸಿದೆ. ಅಂಗೈ ನಡುವೆ ಥ್ರೆಡ್‌ನ ಗುರುತು ದುಂಡಗೆ ಮೂಡಿತ್ತು, ರಾತ್ರಿಯವರೆಗೂ ಹೋಗಲಿಲ್ಲ. ಮನೆಗೆ ಬಂದು ನೋಡಿದರೆ ಒಳಗಿನ ಥ್ರೆಡ್ ಪುಡಿಪುಡಿ.

ಆಮೇಲೆ ಅದೇ ಮರಕ್ಕೆ ಅಗಲವಾಗಿ ತೂತು ಕೊರೆಸಿ, ಹಿತ್ತಾಳೆ ಬುಷ್ ಕೂರಿಸಿ ಅರಾಲ್ಡೈಟ್ ತುಂಬಿದೆವು. ಬುಷ್‌ನ ಒಳಗೆ ಥ್ರೆಡ್, ಕೆಳಗೆ ಒಂದು ಲಾಕ್ ನಟ್. ಹಿತ್ತಾಳೆಯಿಂದ ತೂಕವೂ ಬಂತು. ಎರಡು ಮಳೆಗಾಲ ಕಳೆದಿದೆ, ಒಂದಿಷ್ಟೂ ಅಲುಗಿಲ್ಲ. ವಾರ್ನಿಷ್ ಹೊಡೆಸಬೇಡಿ, ಬೆವರಿದ ಕೈಗೆ ಜಾರುತ್ತದೆ. ಅಗಸೆ ಎಣ್ಣೆ ತಿಕ್ಕಿ ಒಣಗಿಸಿದರೆ ಸಾಕು. ಹಸಿ ಮರದಲ್ಲಿ ಮಾತ್ರ ಮಾಡಿಸಬೇಡ ಮಗಾ, ಒಣಗುತ್ತಾ ಸೀಳು ಬಿಡುತ್ತದೆ.

ಮತ್ತೆ ಪೊನ್ನಂಪೇಟೆಯಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಅಣ್ಣ ಹೇಳಿದ ಹಾಗೆ ಮೊದಲು ಬುಷ್ ನೋಡಿಸಿದೆ. ಎರಡೂ ಸವೆದಿದ್ದವು, ಬದಲಾಯಿಸಿದೆ. ಅಷ್ಟಕ್ಕೇ ಗೇರ್ ಬೇರೆಯೇ ಕಾರಿನದು ಅನ್ನುವ ಹಾಗೆ ಬೀಳುತ್ತಿದೆ. ಹಳೇ ನಾಬ್ ಬಿಸಿ ಬಟ್ಟೆಗೆ ಬಂತು. ಅದನ್ನು ತೂಗಿ, ಎತ್ತರ ಅಳೆದು ಬರೆದಿಟ್ಟಿದ್ದೇನೆ. 10×1.5 ಥ್ರೆಡ್ಡಿನ ಡೆಲ್ರಿನ್ ನಾಬ್ ತರಿಸಿದ್ದೇನೆ, ಗುರುವಾರ ಬರುತ್ತದೆ. ಸೋಮವಾರಪೇಟೆಯವರೇ, ನಮ್ಮ ಅಜ್ಜನ ತೋಟದಲ್ಲೂ ಒಂದು ಹಳೇ ಬೊಡ್ಡೆ ಇದೆ. ಅದನ್ನು ನಿನ್ನೆಯೇ ಅಟ್ಟಕ್ಕೆ ಹಾಕಿದೆ.