‘ಹೈಪೋಥಿಕೇಶನ್’ ಎಂಬುದಕ್ಕೆ ‘ಗಿರವಿ’ ಸರಿಯೇ?

ಕಳೆದ ತಿಂಗಳು ನಮ್ಮ ಮನೆಯ ಹಳೆಯ ಕಾರನ್ನು ಮಾರುವಾಗ, ಕೊಳ್ಳಲು ಬಂದಿದ್ದ ಹಿರಿಯರು ಕರಾರುಪತ್ರ ಕನ್ನಡದಲ್ಲಿಯೇ ಇರಲಿ ಎಂದದ್ದರಿಂದ ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸಾಲದ ಕೆಲವು ಕಂತುಗಳು ಇನ್ನೂ ಬಾಕಿ ಇದ್ದವು; ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿಗೆ ಹೈಪೋಥಿಕೇಶನ್ ಎಂಬ ನಮೂದು ಇತ್ತು. ನಾನು ‘ಗಿರವಿ ಇಟ್ಟ ವಾಹನ’ ಎಂದು ಬರೆದೆ. ಅದನ್ನು ಓದಿದ ಅವರು, “ಗಿರವಿ ಇಟ್ಟಿದ್ದರೆ ಗಾಡಿ ನಿಮ್ಮ ಮನೆ ಮುಂದೆ ಹೇಗಿದೆ ಸ್ವಾಮಿ?” ಎಂದು ಕೇಳಿದರು.

ಅವರ ಪ್ರಶ್ನೆ ನ್ಯಾಯವಾದದ್ದು. ಒಡವೆಯನ್ನು ಗಿರವಿ ಇಟ್ಟರೆ ಅದು ಸಾಲ ಕೊಟ್ಟವನ ಪೆಟ್ಟಿಗೆ ಸೇರುತ್ತದೆ. 1872ರ ಕರಾರು ಕಾಯಿದೆ ವಿವರಿಸುವ ಒತ್ತೆಯೂ ವಸ್ತುವನ್ನು ಒಪ್ಪಿಸಿಯೇ ನಡೆಯುವ ವ್ಯವಹಾರ. ‘ಅಡಮಾನ’ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಮನೆ, ಜಮೀನು. ‘ಭೋಗ್ಯ’ವಂತೂ ಪೂರ್ತಿ ತಿರುವುಮುರುವು, ಏಕೆಂದರೆ ಅಲ್ಲಿ ಸ್ವತ್ತನ್ನು ಅನುಭವಿಸುವವನು ಹಣ ಕೊಟ್ಟವನು. ಹೈಪೋಥಿಕೇಶನ್‌ನಲ್ಲಿ ಚರಸ್ವತ್ತು ಸಾಲಗಾರನ ಬಳಿಯೇ ಉಳಿದು, ಅವನೇ ಅದನ್ನು ಬಳಸುತ್ತಾ, ಸಾಲ ತೀರುವವರೆಗೆ ಅದರ ಮೇಲೆ ಸಾಲ ಕೊಟ್ಟವರಿಗೆ ಹಕ್ಕು ಇರುತ್ತದೆ. ಬ್ಯಾಂಕುಗಳು ಬೆಳೆಸಾಲ ಕೊಡುವಾಗ ಹೊಲದಲ್ಲಿ ನಿಂತ ಬೆಳೆಗೂ ಇದೇ ಕ್ರಮವನ್ನು ಅನುಸರಿಸುತ್ತವೆ. ಹೀಗೆ ನಮ್ಮ ರೈತರಿಗೆ ವ್ಯವಹಾರ ಚೆನ್ನಾಗಿ ಗೊತ್ತು, ಅದಕ್ಕೊಂದು ಹೆಸರು ಮಾತ್ರ ನನಗೆ ಸಿಗುತ್ತಿಲ್ಲ.

ಆರ್‌ಟಿಓ ಕಚೇರಿಯ ಸುತ್ತಮುತ್ತ ಬಳಕೆಯಲ್ಲಿರುವ ಮಾತು ‘ಎಚ್‌ಪಿ’: ‘ಎಚ್‌ಪಿ ಇದೆ’, ‘ಎಚ್‌ಪಿ ತೆಗೆಸಬೇಕು’. ಇದೇ ಎರಡಕ್ಷರ ಹೈರ್ ಪರ್ಚೇಸ್ ಎಂಬುದಕ್ಕೂ ಸಲ್ಲುತ್ತದೆ, ಮತ್ತು ಗೊಂದಲ ಅಲ್ಲಿಯೇ ಇದೆ. ಆ ಬಗೆಯ ಖರೀದಿಯಲ್ಲಿ ಕೊನೆಯ ಕಂತು ಕಟ್ಟುವವರೆಗೆ ವಾಹನ ಹಣ ಹೂಡಿದವರದ್ದೇ ಆಗಿರುತ್ತದೆ. ಹೈಪೋಥಿಕೇಶನ್‌ನಲ್ಲಿ ಅದು ಮೊದಲ ದಿನದಿಂದಲೇ ಕೊಂಡವನದು. 1988ರ ಮೋಟಾರು ವಾಹನಗಳ ಕಾಯಿದೆಯ 51ನೆಯ ಕಲಮು ಎರಡನ್ನೂ ಬೇರೆ ಬೇರೆಯಾಗಿಯೇ ಹೆಸರಿಸುತ್ತದೆ.

ಈ ಪದ ಸ್ಪಷ್ಟವಾಗದೆ ಹೋದರೆ ನಷ್ಟ ಆಗುವುದು ಸಾಮಾನ್ಯ ಜನರಿಗೆ. ಸಾಲ ತೀರಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿನ ನಮೂದು ಹೋಗಿರುತ್ತದೆ ಎಂದು ಭಾವಿಸಬಾರದು. ಮಾಲೀಕರೂ ಸಾಲ ಕೊಟ್ಟವರೂ ಸಹಿ ಮಾಡಿದ 35ನೆಯ ನಮೂನೆಯನ್ನು ನೋಂದಣಿ ಪ್ರಾಧಿಕಾರಕ್ಕೆ ಸಲ್ಲಿಸಿ ಅದನ್ನು ತೆಗೆಸಬೇಕು. ಅದನ್ನು ತೆಗೆಸದೆ ಮಾರಲು ಹೊರಟವರು, ಹೆಸರು ವರ್ಗಾಯಿಸುವ ಹೊತ್ತಿನಲ್ಲಿ ಬ್ಯಾಂಕಿನ ಒಪ್ಪಿಗೆಗಾಗಿ ಮತ್ತೆ ಅಲೆಯುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಕೊನೆಗೆ ನಾನು ಕರಾರಿನಲ್ಲಿ ‘ಬ್ಯಾಂಕಿನ ಋಣಭಾರವಿರುವ ವಾಹನ’ ಎಂದು ತಿದ್ದಿದೆ. ಹಿರಿಯರು ಕೂಡಲೇ ಒಪ್ಪಿದರು. ಜಮೀನು ಕೊಳ್ಳುವಾಗ ಋಣಭಾರ ಪತ್ರ ತೆಗೆಸಿ ನೋಡುವ ಅಭ್ಯಾಸ ನಮ್ಮಲ್ಲಿರುವುದರಿಂದ ಈ ಮಾತು ಕಿವಿಗೆ ಹೊಸದಲ್ಲ, ‘ಭಾರ ಇಳಿಸುವುದು’ ಎಂಬ ಕ್ರಿಯಾಪದವೂ ಜೊತೆಗೇ ಸಿಗುತ್ತದೆ. ಆದರೂ ಋಣಭಾರ ಎಂಬುದು ಅಡಮಾನವನ್ನೂ ಒಳಗೊಳ್ಳುವ ವಿಶಾಲವಾದ ಪದ. ‘ಸ್ವಾಧೀನ ಬಿಡದ ಒತ್ತೆ’ ಎಂದರೆ ಅರ್ಥ ಖಚಿತವಾಗುತ್ತದೆ, ಆದರೆ ನಾಲಿಗೆಗೆ ಭಾರ.

ಟ್ರ್ಯಾಕ್ಟರ್, ಲಾರಿ, ಕಾರುಗಳ ಮಾರಾಟದಲ್ಲಿ ನಿಮ್ಮ ಕಡೆಯ ಪತ್ರಬರಹಗಾರರು ಇದಕ್ಕೆ ಯಾವ ಪದವನ್ನು ಬಳಸುತ್ತಾರೆ? ಹಳೆಯ ಸಾಲಪತ್ರಗಳಲ್ಲಿ, ವಸ್ತುವನ್ನು ಒಪ್ಪಿಸದೆ ಅದರ ಮೇಲೆ ಹಕ್ಕು ಬರೆದುಕೊಟ್ಟದ್ದಕ್ಕೆ ಬೇರೆ ಹೆಸರೇನಾದರೂ ಇದ್ದುದನ್ನು ಯಾರಾದರೂ ನೋಡಿದ್ದೀರಾ?