ಬಾಡಿಗೆ ಮನೆಯಲ್ಲಿ ತಿಗಣೆ ಕಾಟ, ಸ್ಪ್ರೇ ಹೊಡೆದರೂ ಹೋಗುತ್ತಿಲ್ಲ

ಸಂಪಿಗೆ_ಮರ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ ನಮ್ಮದು. ನಾನು, ಯಜಮಾನರು, ನಾಲ್ಕು ವರ್ಷದ ಮಗಳು. ಯುಗಾದಿ ಕಳೆದ ಮೇಲೆ ಮಗಳ ಕೈಮೇಲೆ, ಕತ್ತಿನಲ್ಲಿ ಸಾಲಾಗಿ ಕೆಂಪು ಗುಳ್ಳೆ ಏಳೋದಕ್ಕೆ ಶುರುವಾಯ್ತು. ಸೊಳ್ಳೆ ಇರಬೇಕು ಅಂತ ಪರದೆ ಕಟ್ಟಿದೆವು, ಏನೂ ಕಡಿಮೆ ಆಗಲಿಲ್ಲ. ಮೊನ್ನೆ ಮಧ್ಯರಾತ್ರಿ ಮಗು ಅಳ್ತಾ ಎದ್ದಳು, ಲೈಟ್ ಹಾಕಿ ದಿಂಬು ಎತ್ತಿದರೆ ಕಂದು ಬಣ್ಣದ ಚಪ್ಪಟೆ ಹುಳು ಹಾಸಿಗೆಯ ಹೊಲಿಗೆ ಸಂದಿಗೆ ಸರಸರ ಓಡಿತು. ಒತ್ತಿದರೆ ಬಟ್ಟೆ ಪೂರ್ತಿ ರಕ್ತ, ಕೆಟ್ಟ ವಾಸನೆ. ತಿಗಣೆ ಅಂತ ಆಗ ಗೊತ್ತಾಯ್ತು.

ವಿಚಿತ್ರ ಅಂದರೆ ಯಜಮಾನರ ಮೈಮೇಲೆ ಒಂದು ಗುಳ್ಳೆಯೂ ಇಲ್ಲ. ಅಂಗಡಿಯಿಂದ ಸ್ಪ್ರೇ ತಂದು ಹಾಸಿಗೆಗೆಲ್ಲ ಹೊಡೆದೆವು, ಸ್ವಲ್ಪ ದಿನ ಸುಮ್ಮನಿದ್ದು ಈಗ ಮತ್ತೆ ಶುರು. ಓನರ್ ಕೇಳಿದರೆ "ನೀವೇ ಸಾಮಾನಿನ ಜೊತೆ ತಂದಿದ್ದು" ಅನ್ನುತ್ತಾರೆ. ಸದ್ಯಕ್ಕೆ ಹಾಲ್‌ನಲ್ಲಿ ಚಾಪೆ ಹಾಕಿ ಮಲಗುತ್ತಿದ್ದೇವೆ. ಹಾಸಿಗೆ, ಮಂಚ ಎಲ್ಲ ಬಿಸಾಡಿಬಿಡೋಣವೇ? ಮಗುಗೆ ಏನಾದರೂ ರೋಗ ಬರುತ್ತದಾ? ಯಾರಿಗೂ ಹೇಳಿಕೊಳ್ಳೋಕೂ ನಾಚಿಕೆ ಆಗುತ್ತಿದೆ.

ಹಳೇ_ಟ್ರಂಕು:

ಮೊದಲು ಹಾಲ್‌ನಲ್ಲಿ ಮಲಗೋದು ನಿಲ್ಲಿಸಿ. ನಾವು ಬಿಡುವ ಉಸಿರು, ಮೈ ಶಾಖ ಹಿಡಿದು ತಿಗಣೆ ಹುಡುಕಿಕೊಂಡು ಬರುತ್ತದೆ. ನೀವು ಜಾಗ ಬದಲಿಸಿದರೆ ಅದೂ ಬದಲಿಸುತ್ತದೆ, ಒಂದು ರೂಮಿನಲ್ಲಿದ್ದದ್ದು ಮನೆ ಪೂರ್ತಿ ಆಗುತ್ತದೆ. ರೂಮು ಖಾಲಿ ಬಿಟ್ಟರೆ ಸತ್ತುಹೋಗುತ್ತವೆ ಅಂದುಕೊಳ್ಳಬೇಡಿ, ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ತಡೆದುಕೊಳ್ಳುತ್ತವೆ.

ರೋಗದ ಭಯ ಬೇಡ. ತಿಗಣೆ ಕಚ್ಚಿ ಒಬ್ಬರಿಂದ ಒಬ್ಬರಿಗೆ ಕಾಯಿಲೆ ಹರಡಿದ್ದು ಸಾಬೀತಾಗಿಲ್ಲ. ಆದರೆ ಮಗು ಕೆರೆದುಕೊಂಡು ಗಾಯ ಮಾಡಿಕೊಂಡರೆ ಕೀವು ಆಗಬಹುದು, ಉಗುರು ಚಿಕ್ಕದಾಗಿ ಕತ್ತರಿಸಿ, ಜಾಸ್ತಿ ಊದಿದರೆ ಡಾಕ್ಟರಿಗೆ ತೋರಿಸಿ. ನಿಮ್ಮ ಯಜಮಾನರನ್ನೂ ಕಚ್ಚುತ್ತಿರುತ್ತದೆ, ಕೆಲವರ ಚರ್ಮ ಅದಕ್ಕೆ ಗುಳ್ಳೆ ಏಳಿಸುವುದೇ ಇಲ್ಲ, ಅಷ್ಟೇ. ನಾಚಿಕೆಯೂ ಬೇಡ ಅಕ್ಕಾ. ತಿಗಣೆ ತಿನ್ನೋದು ಕೊಳೆಯನ್ನಲ್ಲ, ರಕ್ತವನ್ನ. ಥಳಥಳ ಒರೆಸಿದ ಮನೆಗೂ ಬರುತ್ತದೆ.

ಈಗ ಕೆಲಸದ ಮಾತು. ಒಂದು ರಜಾ ದಿನ ಪೂರ್ತಿ ಇಟ್ಟುಕೊಳ್ಳಿ. ಒಳ್ಳೆ ಟಾರ್ಚ್, ಒಂದು ಹಳೇ ಎಟಿಎಂ ಕಾರ್ಡ್, ಸೋಪಿನ ನೀರಿನ ಡಬ್ಬ ಸಾಕು. ಮಂಚವನ್ನು ಪೂರ್ತಿ ಬಿಚ್ಚಿ. ಬಾಕ್ಸ್ ಮಂಚ ಆದರೆ ಪ್ಲೈವುಡ್ ಹಲಗೆ ತಿರುಗಿಸಿ ಕೆಳಗಿನ ಅಂಚು ನೋಡಿ, ಸ್ಕ್ರೂ ಕೂರುವ ತೂತು ನೋಡಿ, ತಲೆದಿಸೆಯ ಹಲಗೆ ಗೋಡೆಗೆ ತಾಗುವ ಹಿಂಬದಿ ನೋಡಿ. ಪೆನ್ನಿನ ಮೊನೆ ತಾಗಿಸಿದ ಹಾಗೆ ಕಪ್ಪು ಚುಕ್ಕೆ ಗುಂಪಾಗಿ ಇದ್ದರೆ, ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಕಂದಾಗಿ ಹರಡಿದರೆ, ಅದು ಅವುಗಳ ಕಕ್ಕಸು. ಗೂಡು ಅಲ್ಲೇ ಹತ್ತಿರ ಇರುತ್ತದೆ. ಬಿಳಿ ಮೊಟ್ಟೆ ಒಂದು ಮಿಲಿಮೀಟರ್ ಅಷ್ಟೇ, ಮರಕ್ಕೆ ಅಂಟಿಕೊಂಡಿರುತ್ತದೆ, ಗುಡಿಸಿದರೆ ಬರುವುದಿಲ್ಲ, ಕಾರ್ಡಿನ ಅಂಚಿನಿಂದ ಕೆರೆದು ಸೋಪಿನ ನೀರಿಗೆ ಹಾಕಬೇಕು. ಆಮೇಲೆ ಆ ಸಂದಿಗಳಿಗೆಲ್ಲ ಸ್ಟೀಮರ್ ಹಿಡಿಯಿರಿ, ಆದರೆ ನಿಧಾನಕ್ಕೆ. ಬೇಗ ಬೇಗ ಓಡಿಸಿದರೆ ಶಾಖ ಒಳಗೆ ಇಳಿಯೋದೇ ಇಲ್ಲ.

ಬಟ್ಟೆ, ಹೊದಿಕೆ, ಪರದೆ ಎಲ್ಲವನ್ನೂ ರೂಮಿನಲ್ಲೇ ಕವರಿಗೆ ಹಾಕಿ ಬಾಯಿ ಕಟ್ಟಿ, ಆಮೇಲೆ ಹೊರಗೆ ತನ್ನಿ. ಬಿಸಿ ತಡೆಯುವ ಬಟ್ಟೆ 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಒಗೆಯಲಾಗದ ಸಣ್ಣ ಗೊಂಬೆ, ಪುಸ್ತಕ ಇದ್ದರೆ ಫ್ರೀಜರಿನಲ್ಲಿ ಮೈನಸ್ 18ರಲ್ಲಿ ನಾಲ್ಕು ದಿನ ಇಡಬಹುದು. ಹಾಸಿಗೆಗೆ ಜಿಪ್ ಇರುವ, ಆರೂ ಕಡೆ ಮುಚ್ಚುವ ಕವರ್ ಸಿಗುತ್ತದೆ. ಒಂದು ವರ್ಷ ಅದನ್ನು ಬಿಚ್ಚಬೇಡಿ. ಒಳಗೆ ಉಳಿದದ್ದು ಅಲ್ಲೇ ಸಾಯುತ್ತದೆ, ಹೊಸ ಹಾಸಿಗೆಯ ದುಡ್ಡು ಉಳಿಯುತ್ತದೆ. ಹೊಸದು ತಂದು ಅದೇ ಮಂಚದ ಮೇಲೆ ಹಾಕಿದರೆ ಒಂದೇ ವಾರದಲ್ಲಿ ಅದಕ್ಕೂ ಹತ್ತುತ್ತದೆ.

ಕೊನೆಗೆ ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ, ಹೊದಿಕೆ ನೆಲಕ್ಕೆ ತಾಗದ ಹಾಗೆ ಮಡಚಿಡಿ.

ಔಷಧಿ_ಕೆಲಸದವ:

ಮೇಲಿನವರು ಹೇಳಿದ್ದು ಸರಿ. ನಾನು ಪೆಸ್ಟ್ ಕಂಟ್ರೋಲ್ ಕೆಲಸದಲ್ಲೇ ಇದ್ದೇನೆ, ನಮ್ಮವರ ಬಗ್ಗೆಯೇ ಎರಡು ಮಾತು ಹೇಳುತ್ತೇನೆ.

ಅಂಗಡಿ ಸ್ಪ್ರೇಗಳಲ್ಲಿ ಹೆಚ್ಚಾಗಿ ಇರೋದು ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಜಾತಿಯ ಔಷಧಿ. ತಿಗಣೆಗಳು ಇವಕ್ಕೆ ಒಗ್ಗಿಹೋಗಿವೆ. ಮೇಲಿದ್ದ ನಾಲ್ಕು ಸಾಯುತ್ತವೆ, ಮಿಕ್ಕವು ಇನ್ನೂ ಒಳಗೆ ಸರಿಯುತ್ತವೆ. ರೂಮು ತುಂಬ ಹೊಗೆ ಬಿಡುವ ಫಾಗರ್ ಅಂತೂ ದುಡ್ಡು ದಂಡ, ಆ ಹೊಗೆ ಸಂದಿಗೆ ಹೋಗೋದೇ ಇಲ್ಲ. ಜಿರಲೆಗೆ ಹಚ್ಚುವ ಜೆಲ್ ಹಚ್ಚಿ "ತಿಗಣೆಗೂ ಆಗುತ್ತದೆ ಮೇಡಂ" ಅಂದರೆ ನಂಬಬೇಡಿ. ತಿಗಣೆ ರಕ್ತ ಬಿಟ್ಟು ಬೇರೆ ಏನನ್ನೂ ಬಾಯಿಗೆ ಹಾಕುವುದಿಲ್ಲ, ಜೆಲ್ ಹೇಗೆ ತಿನ್ನುತ್ತದೆ?

ಯಾರನ್ನು ಕರೆಸಿದರೂ ಮೊದಲೇ ಕೇಳಿ: ಮಂಚ ಬಿಚ್ಚುತ್ತೀರಾ? ಸ್ವಿಚ್ ಬೋರ್ಡ್ ಹಿಂದೆ, ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಯ ಸಂದಿ ನೋಡುತ್ತೀರಾ? ಎರಡನೇ ಸಲ ಬರುತ್ತೀರಾ? ಎರಡನೇ ಸಲ ಬರುವುದಿಲ್ಲ ಅನ್ನುವವರನ್ನು ಕರೆಸಲೇ ಬೇಡಿ. ಔಷಧಿಗೆ ಮೊಟ್ಟೆ ಸಾಯುವುದು ಕಡಿಮೆ. ಅವು ಸಾಮಾನ್ಯವಾಗಿ ಒಂದು ವಾರ ಹತ್ತು ದಿನದಲ್ಲಿ ಒಡೆದು ಮರಿ ಬರುತ್ತವೆ. ಆ ಮರಿಗಳು ದೊಡ್ಡವಾಗಿ ಮೊಟ್ಟೆ ಇಡುವ ಮೊದಲೇ, ಅಂದರೆ ಎರಡು ವಾರದ ಹೊತ್ತಿಗೆ, ಮತ್ತೆ ಹೊಡೆಯಬೇಕು. ಆ ನಡುವೆ ಗೋಡೆಯ ಅಂಚು ಒರೆಸಬೇಡಿ. ಚಿಕ್ಕ ಮಗು ಇದೆ ಅಂತ ಮೊದಲೇ ಹೇಳಿ, ಹೊಡೆದದ್ದು ಪೂರ್ತಿ ಒಣಗಿ ಗಾಳಿ ಆಡುವವರೆಗೆ ಮಗುವನ್ನು ಆ ರೂಮಿಗೆ ಬಿಡಬೇಡಿ.

ಕಲಬುರಗಿ_ಬಿಸಿಲು:

ನಮ್ಮ ಕಡೆ ಬೇಸಿಗೆ ಬಂತು ಅಂದರೆ ಮಂಚ, ಹಾಸಿಗೆ ಎಲ್ಲ ಮಾಳಿಗೆ ಮೇಲೆ ಹಾಕುತ್ತಾರೆ. ನಮ್ಮ ಅಜ್ಜಿ ಹಗ್ಗದ ಮಂಚ ಅಂಗಳಕ್ಕೆ ತಂದು, ಕುದಿಯುವ ನೀರನ್ನು ಚೊಂಬಿನಲ್ಲಿ ತುಂಬಿ ಒಂದೊಂದೇ ಕೀಲಿಗೆ ಸುರಿಯುತ್ತಿದ್ದಳು. ನೀರು ನೇರವಾಗಿ ಬಿದ್ದ ಕಡೆ ತಿಗಣೆ ಉಳಿಯುತ್ತಿರಲಿಲ್ಲ. ಪ್ಲೈವುಡ್ಡಿಗೆ ಇದನ್ನು ಮಾಡಬೇಡಿ, ಉಬ್ಬುತ್ತದೆ.

ಬಿಸಿಲಿನ ಬಗ್ಗೆ ಒಂದು ಮಾತು. ಹಾಸಿಗೆ ಸುಮ್ನೆ ಬಿಸಿಲಿಗೆ ಹಾಕಿದರೆ ಮೇಲೆ ಕಾಯುತ್ತಿದ್ದ ಹಾಗೆ ಅವು ಕೆಳಗಿನ ನೆರಳಿಗೆ ಇಳಿಯುತ್ತವೆ. ಶಾಖ 55 ಡಿಗ್ರಿ ದಾಟಿ ಮೂಲೆಮೂಲೆಗೂ ತಾಗಿದರೆ ಹುಳುವೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ತೆಳುವಾಗಿ ಹರಡಿ, ಬಾಯಿ ಬಿಗಿದು, ಕಾದ ಸಿಮೆಂಟ್ ಮಾಳಿಗೆ ಮೇಲೆ ದಿನವಿಡೀ ತಿರುಗಿಸುತ್ತಾ ಇಟ್ಟರೆ ತೆಳು ಬಟ್ಟೆಗೆ ನಡೆಯುತ್ತದೆ. ದಪ್ಪ ಹಾಸಿಗೆಗೆ ನಂಬಬೇಡಿ, ಅದೂ ಬೆಂಗಳೂರಿನ ಬಿಸಿಲಿಗೆ ಬೇಡವೇ ಬೇಡ.

ನೀಲಿ_ಕೊಡೆ:

ಯಾರೂ ಹೇಳದ ಒಂದು ಮಾತು, ದಯವಿಟ್ಟು ಗಮನಿಸಿ. "ಒಂದು ಮಾತ್ರೆ ಇಟ್ಟು ಬಾಗಿಲು ಹಾಕಿ, ಎಲ್ಲ ಸಾಯುತ್ತದೆ" ಅಂತ ಯಾರಾದರೂ ಕೊಟ್ಟರೆ ಮನೆಯೊಳಗೆ ತರಲೇಬೇಡಿ. ಅದು ಕಾಳಿನ ಗೋದಾಮಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನೋ ವಿಷದ ಗ್ಯಾಸ್ ಬಿಡುತ್ತದೆ. ಪಕ್ಕದ ರೂಮಿಗೆ, ಮೇಲಿನ ಮನೆಗೆ ಸಂದಿಯಲ್ಲಿ ನುಗ್ಗಿ ಮಲಗಿದವರ ಜೀವ ತೆಗೆಯುತ್ತದೆ. ಇದಕ್ಕೆ ಮದ್ದೂ ಇಲ್ಲ. ಸಾಮಾನ್ಯ ಜನರಿಗೆ ಅದನ್ನು ಮಾರುವ ಹಾಗೂ ಇಲ್ಲ. ಡೈಕ್ಲೋರ್ವಾಸ್ ಅನ್ನೋ ಕೀಟನಾಶಕ ಕೂಡ ಅಷ್ಟೇ, 2020ರ ಕೊನೆಗೆ ನಮ್ಮ ದೇಶದಲ್ಲಿ ನಿಷೇಧ ಆಗಿದೆ, ಹಳೇ ಬಾಟಲಿ ಯಾರಾದರೂ ಕೊಟ್ಟರೂ ಬೇಡ ಅನ್ನಿ. ಸೀಮೆಎಣ್ಣೆ, ಪೆಟ್ರೋಲ್ ಹಚ್ಚುವ ಸಾಹಸವೂ ಬೇಡ, ಮನೆಗೆ ಬೆಂಕಿ ಬಿದ್ದೀತು. ಮಗು ಮಲಗುವ ಜಾಗ ಅದು.

ಇನ್ನೊಂದು. ಮೇಲಿನ, ಪಕ್ಕದ ಮನೆಯವರನ್ನು ಕೇಳಿದ್ದೀರಾ? ವೈರಿನ ಪೈಪು, ಗೋಡೆಯ ಬಿರುಕು ಹಿಡಿದು ತಿಗಣೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಸೋಫಾ, ಮಂಚ ಏನಾದರೂ ಈಚೆಗೆ ಕೊಂಡಿದ್ದರೆ ಅದನ್ನೇ ಮೊದಲು ನೋಡಿ.

ಸಂಪಿಗೆ_ಮರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆಯಿಂದ ರೂಮಿನಲ್ಲೇ ಮಲಗುತ್ತಿದ್ದೇವೆ. ಮಂಚ ಬಿಚ್ಚಿದೆವು, ತಲೆದಿಸೆಯ ಹಲಗೆಯ ಹಿಂದೆ ರೆಕ್ಸಿನ್ ಸ್ವಲ್ಪ ಕಿತ್ತುಕೊಂಡಿತ್ತು, ಅದನ್ನು ಎಳೆದರೆ ಒಳಗೆ ದೊಡ್ಡವು, ಮರಿಗಳು, ಸಣ್ಣ ರವೆ ಚೆಲ್ಲಿದ ಹಾಗೆ ಮೊಟ್ಟೆ. ಹಾಸಿಗೆಗೆ ಎಷ್ಟು ಸ್ಪ್ರೇ ಹೊಡೆದರೂ ಅಲ್ಲಿಗೆ ತಾಗುವ ಮಾತೇ ಇರಲಿಲ್ಲ ಅಲ್ವಾ.

ಮೇಲಿನ ಮನೆಯವರನ್ನು ಕೇಳಿದೆ. ಅವರಿಗೂ ಇದೆಯಂತೆ, ದೀಪಾವಳಿಯಿಂದ! ಅವರೂ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಇಬ್ಬರೂ ಸೇರಿ ಓನರ್ ಹತ್ತಿರ ಹೋದೆವು, ಈಗ ಅರ್ಧ ಖರ್ಚು ಕೊಡುತ್ತೇನೆ ಅಂದಿದ್ದಾರೆ.

ಔಷಧಿ_ಕೆಲಸದವ:

ಒಳ್ಳೆಯದಾಯ್ತು. ಎರಡೂ ಮನೆಗೆ ಒಂದೇ ದಿನ ಹೊಡೆಸಿ. ಇವತ್ತು ನಿಮ್ಮದು, ಮುಂದಿನ ವಾರ ಅವರದು ಅಂದರೆ ಅವು ಅಲ್ಲಿಂದ ಇಲ್ಲಿಗೆ ಬರುತ್ತವೆ. ಆ ರೆಕ್ಸಿನ್ ಪೂರ್ತಿ ಕಿತ್ತು ಹಾಕಿ, ಕವರಿನಲ್ಲಿ ಬಿಗಿದು ಕಟ್ಟಿ ಬಿಸಾಡಿ, ಮೆಟ್ಟಿಲ ಕೆಳಗೆ ಇಡಬೇಡಿ.